ಮಗ್ಗುಲು ಬದಲಿಸುವ ಗಡ್ಡೆ

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರ ಪಾಡು ಯಾರಿಗೂ ಬೇಡ. ಚಿತ್ರ ಚೆನ್ನಾಗಿ ಬಂದರೆ ಯಂತ್ರ ಒಳ್ಳೆಯದು ಎನ್ನುತ್ತಾರೆ, ಕೆಟ್ಟು ಬಂದರೆ ತೆಗೆದವಳು ದಂಡ ಎನ್ನುತ್ತಾರೆ. ಇಪ್ಪತ್ತೊಂದು ವರ್ಷದಿಂದ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಊರಿನ ಅರ್ಧ ಜನರ ಮೂಳೆಗಳ ಪರಿಚಯ ಮಾಡಿಕೊಂಡಿದ್ದ ಎಕ್ಸ್‌ರೇ ಅಕ್ಕನಿಗೆ ಇದೆಲ್ಲ ರೂಢಿಯಾಗಿ ಹೋಗಿತ್ತು. ಕಸ ಗುಡಿಸುವವರಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹಾಗೇ, ಎಕ್ಸ್‌ರೇ ಅಕ್ಕ ಎಂದೇ. ರಸ್ತೆಯಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ ಅವಳಿಗೆ ಮುಖ ನೆನಪಾಗುತ್ತಿರಲಿಲ್ಲ, ಮೊಣಕಾಲು ನೆನಪಾಗುತ್ತಿತ್ತು.

ಇಷ್ಟು ವರ್ಷದಲ್ಲಿ ಅವಳು ಮಾಡಿದ್ದ ತಪ್ಪು ಒಂದೇ ಒಂದು. ಎಡ ಬಲ ಗೊತ್ತಾಗಲಿ ಎಂದು ಫಿಲಂ ಮೂಲೆಯಲ್ಲಿ ಸೀಸದ ಅಕ್ಷರವೊಂದನ್ನು ಇಡುತ್ತಾರೆ. ಹನ್ನೆರಡು ವರ್ಷದ ಹಿಂದೆ ಒಂದು ದಿನ, ಬೆಳಗಿನಿಂದ ಎಪ್ಪತ್ತು ಜನರನ್ನು ನಿಲ್ಲಿಸಿ ಮಲಗಿಸಿ ಸುಸ್ತಾಗಿದ್ದ ಹೊತ್ತಿನಲ್ಲಿ, ಅವಳು ಎಡಗಾಲಿಗೆ ಬಲದ ಅಕ್ಷರ ಇಟ್ಟುಬಿಟ್ಟಿದ್ದಳು. ಗಟ್ಟಿಮುಟ್ಟಾಗಿದ್ದ ಕಾಲಿಗೆ ಪ್ಲಾಸ್ಟರ್ ಸುತ್ತಲು ಹೊರಟಾಗ ಕಾಲಿನ ಯಜಮಾನನೇ ಬೊಬ್ಬೆ ಹಾಕಿದ್ದರಿಂದ ಬಚಾವಾಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಸ್ಪತ್ರೆಯ ಜನ ಅಂಥದ್ದನ್ನೆಲ್ಲ ಸುಲಭಕ್ಕೆ ಮರೆಯುವವರಲ್ಲ. ಎಲ್ಲಿ ಯಾವ ಕಾಗದ ಕಳೆದರೂ "ಎಕ್ಸ್‌ರೇ ಅಕ್ಕನ್ನ ಕೇಳಿ, ಎಡಕ್ಕೋ ಬಲಕ್ಕೋ ಇಟ್ಟಿರ್ತಾಳೆ" ಎಂದು ನಗುವವರು ಇನ್ನೂ ಇದ್ದರು. ಅವಳೂ ಜೊತೆಗೆ ನಗುತ್ತಿದ್ದಳು. ಒಳಗೆ ಮಾತ್ರ ಅದು ಮುಳ್ಳಿನ ಹಾಗೆ ಕೂತಿತ್ತು.

ಅವಳ ಮಾವ ಗಾರೆ ಕೆಲಸದ ಮೇಸ್ತ್ರಿ. ವಯಸ್ಸು ಅರವತ್ತೇಳು, ಆದರೂ ಏಣಿ ಹತ್ತುವಾಗ ಯಾರಾದರೂ ಕೈ ಕೊಡಲು ಬಂದರೆ ಕೆಂಡಾಮಂಡಲವಾಗುತ್ತಿದ್ದರು. ತಾವು ಎಬ್ಬಿಸಿದ ಗೋಡೆಗಳನ್ನೆಲ್ಲ ಒಂದರ ಪಕ್ಕ ಒಂದು ನಿಲ್ಲಿಸಿದರೆ ಪಕ್ಕದ ಊರು ಮುಟ್ಟುತ್ತದೆ ಎಂದು ಹೇಳಿಕೊಳ್ಳುತ್ತಿದ್ದರು. ಅಳೆದು ನೋಡಿದವರು ಯಾರೂ ಇಲ್ಲ. ಮೂರು ತಿಂಗಳಿಂದ ಅವರಿಗೆ ಒಣಕೆಮ್ಮು. ಬರಬರುತ್ತ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು. "ಸಿಮೆಂಟ್ ಧೂಳು, ಅಷ್ಟೇ" ಎಂದು ಕೈ ಕೊಡವುತ್ತಿದ್ದವರನ್ನು ಸೊಸೆಯೇ ಹಟ ಮಾಡಿ ಡಾಕ್ಟರ ಹತ್ತಿರ ಎಳೆದೊಯ್ದು, ಚೀಟಿ ಬರೆಸಿ, ತನ್ನ ಯಂತ್ರದ ಮುಂದೆ ನಿಲ್ಲಿಸಿದಳು.

ಚಿತ್ರ ತೆರೆಯ ಮೇಲೆ ಮೂಡಿತು. ಬಲಗಡೆ ಶ್ವಾಸಕೋಶದ ಬುಡದಲ್ಲಿ ದುಂಡಗೆ, ಕಿತ್ತಳೆ ಹಣ್ಣಿನಷ್ಟು ದೊಡ್ಡದಾಗಿ, ಬೆಳ್ಳಗೆ ಒಂದು ಗುಂಡು ಕೂತಿತ್ತು.

ಆಮೇಲೆ ನಡೆಯಬೇಕಾದದ್ದೆಲ್ಲ ನಡೆಯಿತು. ಎದೆಗೆ ಸೂಜಿ ಚುಚ್ಚಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಬಿಟ್ಟು ಮೇಸ್ತ್ರಿಯನ್ನು ಅಂಗಾತ ಮಲಗಿಸಿ ಸಿ.ಟಿ. ಸ್ಕ್ಯಾನ್ ಮಾಡಿದರು. ಸರ್ಜನ್ ಮೇಡಂ ಮನೆಯವರನ್ನು ಕೂರಿಸಿಕೊಂಡು ಹೇಳಿದರು. ಈ ಮೇಡಂ ಎದೆಯ ಆಪರೇಷನ್ನಿಗೆ ಹೆಸರಾದವರು, ಬೆರಳು ತೂರುವಷ್ಟು ಸಣ್ಣ ತೂತು ಮಾಡಿ, ಅದರೊಳಗೆ ಕ್ಯಾಮೆರಾ ಇಳಿಸಿ ಕೆಲಸ ಮುಗಿಸುವುದರಲ್ಲಿ ಎತ್ತಿದ ಕೈ. ಆಳು ಗಿಡ್ಡ, ಮಾತು ಚುರುಕು.

"ಶ್ವಾಸಕೋಶದ ಮೇಲೆ ತೆಳ್ಳಗೆ ಒಂದು ಪೊರೆ ಇರುತ್ತೆ ಮೇಸ್ತ್ರೀ, ನೀವು ಗೋಡೆಗೆ ಕೊನೇಲಿ ಎಳೆಯೋ ಸುಣ್ಣದ ಹಾಗೆ. ಅದರಿಂದ ಹುಟ್ಟಿರೋ ಗಡ್ಡೆ ಇದು. ತುಂಬ ಅಪರೂಪದ್ದು. ನಾನೇ ಇಷ್ಟು ವರ್ಷದಲ್ಲಿ ನೋಡಿರೋದು ನಾಲ್ಕೋ ಐದೋ. ಸೂಜಿಯ ಚೂರಲ್ಲಿ ಕೆಟ್ಟ ಲಕ್ಷಣ ಏನೂ ಇಲ್ಲ. ಆದ್ರೆ ಬೆಳೀತಾ ಇದೆ, ಹಾಗೇ ಬಿಟ್ರೆ ಉಸಿರಿಗೇ ಕುತ್ತು."

"ತೂತು ಮಾಡಿ ತೆಗೀತೀರಂತಲ್ಲ, ತೆಗೀರಿ" ಎಂದರು ಮೇಸ್ತ್ರಿ, ಇಟ್ಟಿಗೆ ತೆಗೆಯಲು ಹೇಳಿದಷ್ಟು ಸಲೀಸಾಗಿ.

"ಅದೇ ಕಷ್ಟ ಆಗಿರೋದು. ಸ್ಕ್ಯಾನಲ್ಲಿ ಗಡ್ಡೆ ಬೆನ್ನ ಕಡೆ ಪಕ್ಕೆಲುಬಿಗೆ ಅಂಟ್ಕೊಂಡ ಹಾಗೆ ಕಾಣುತ್ತೆ. ಅಂಟಿದ್ರೆ ಸಣ್ಣ ತೂತಲ್ಲಿ ಆಗಲ್ಲ. ಬೆನ್ನಿಂದ ಎದೆವರೆಗೆ ಕೊಯ್ದು, ಎರಡು ಪಕ್ಕೆಲುಬಿನ ತುಂಡನ್ನೂ ಸೇರಿಸಿ ತೆಗೀಬೇಕಾಗುತ್ತೆ."

ಮೇಸ್ತ್ರಿ ತಮ್ಮ ಬಲಗೈಯನ್ನೇ ನೋಡಿಕೊಂಡರು. "ಕೈ ಏನಾಗುತ್ತೆ?"

ಮೇಡಂ ಸುಳ್ಳು ಹೇಳುವವರಲ್ಲ. "ಅಲ್ಲಿನ ಮಾಂಸಖಂಡ ಕೊಯ್ದ ಮೇಲೆ ಕೈ ಭುಜಕ್ಕಿಂತ ಮೇಲೆ ಏರುತ್ತೆ ಅಂತ ನಾನು ಮಾತು ಕೊಡಲಾರೆ."

"ಹಾಗಿದ್ರೆ ಬೇಡ" ಎಂದು ಮೇಸ್ತ್ರಿ ಕಡ್ಡಿ ಮುರಿದಂತೆ ಹೇಳಿ ಎದ್ದುಬಿಟ್ಟರು. ಅತ್ತೆ ಅತ್ತರು, ಬೈದರು, ಎರಡು ದಿನ ಮಾತು ಬಿಟ್ಟರು. ಲಾರಿ ಓಡಿಸುವ ಮಗ, ಅಂದರೆ ಅವಳ ಗಂಡ, ದೂರದೂರಿಂದ ಫೋನಿನಲ್ಲಿ ಕಿರುಚಿದ. ಮೇಸ್ತ್ರಿ ಜಗ್ಗಲಿಲ್ಲ. ಕರಣೆ ಹಿಡಿದು ಚಾವಣಿಗೆ ಗಾರೆ ಎರಚಲಾರದ ಕೈ ಇದ್ದರೆಷ್ಟು ಬಿಟ್ಟರೆಷ್ಟು ಎನ್ನುವುದು ಅವರ ವಾದ. ಬದುಕಬೇಕೋ ಕೈ ಉಳಿಯಬೇಕೋ ಎಂದು ಕೇಳಿದರೆ ಎರಡೂ ಬೇಕು ಎನ್ನುವ ಮನುಷ್ಯನಿಗೆ ಏನು ಹೇಳುವುದು?

ಇದರ ನಡುವೆ ಎಕ್ಸ್‌ರೇ ಅಕ್ಕನ ಮೇಜಿನ ಮೇಲೆ ಒಂದು ನೋಟಿಸು ಬಂದು ಬಿತ್ತು. ಚಿತ್ರಗಳನ್ನು ಓದಿ ರಿಪೋರ್ಟ್ ಬರೆಯುವ ಡಾಕ್ಟರು ಕಳಿಸಿದ್ದು. ಎಕ್ಸ್‌ರೇಯಲ್ಲಿ ಗಡ್ಡೆ ಎದೆಯ ಬುಡದಲ್ಲಿದೆ. ಸ್ಕ್ಯಾನಿನಲ್ಲಿ ನಡುಮಟ್ಟದಲ್ಲಿ, ಬೆನ್ನ ಕಡೆಗಿದೆ. ಬುಡದಲ್ಲಿ ಏನೂ ಇಲ್ಲ. ಆದ್ದರಿಂದ ಎಕ್ಸ್‌ರೇ ಬೇರೆ ಯಾರದೋ ಜೊತೆ ಅದಲುಬದಲಾಗಿದೆ. ಮೂರು ದಿನದೊಳಗೆ ಕಾರಣ ಕೊಡತಕ್ಕದ್ದು. ಸುದ್ದಿ ಮಧ್ಯಾಹ್ನದೊಳಗೆ ಆಸ್ಪತ್ರೆಯ ಮೂರೂ ಮಹಡಿ ಹತ್ತಿ ಇಳಿಯಿತು. ಸ್ವಂತ ಮಾವನ ಫಿಲಮ್ಮನ್ನೇ ಬದಲಾಯಿಸಿಕೊಂಡಳಂತೆ ಎಂದು ಕ್ಯಾಂಟೀನಿನಲ್ಲಿ ನಕ್ಕರು. ಈ ಸಲ ಅವಳಿಗೆ ಜೊತೆಗೆ ನಗಲಾಗಲಿಲ್ಲ.

ಸಂಜೆ ಮನೆಗೆ ಬಂದು ಮುಖ ಹುಳ್ಳಗೆ ಮಾಡಿಕೊಂಡು ಕೂತವಳನ್ನು ಮಾವ ಏನೆಂದು ಕೇಳಿದರು. ಹೇಳಿದಳು. ಅವರು ಬೈಯಲಿಲ್ಲ. "ಹೋಗಲಿ ಬಿಡಮ್ಮ, ಕೆಲಸ ಮಾಡೋರ ಕೈಲೇ ತಪ್ಪಾಗೋದು. ನಾನೂ ಒಂದು ಸಲ ಬಾಗಿಲು ಇಡೋದು ಮರೆತು ಗೋಡೆ ಕಟ್ಟಿದ್ದೆ" ಎಂದು ಸಮಾಧಾನ ಮಾಡಿದರು. ಬೈದಿದ್ದರೇ ಚೆನ್ನಾಗಿತ್ತು. ಮಾವ ಕೂಡ ತಪ್ಪು ತನ್ನದೇ ಎಂದು ನಂಬಿದ್ದಾರೆ, ನಂಬಿ ಕ್ಷಮಿಸಿಯೂ ಆಗಿದೆ ಎನ್ನುವುದು ಅವಳಿಗೆ ನೋಟಿಸಿಗಿಂತ ಜಾಸ್ತಿ ಉರಿಯಿತು.

ಅದಕ್ಕಿಂತ ಕೆಟ್ಟದ್ದೆಂದರೆ ಅವಳಿಗೇ ಅನುಮಾನ. ಆ ದಿನ ಮಾವನ ಹಿಂದೆ ಮುಂದೆ ಯಾರಿದ್ದರು? ಗಾಬರಿಯಲ್ಲಿ ಹೆಸರು ತಪ್ಪಾಗಿ ಒತ್ತಿದೆನೇ? ಹಾಗಾಗಿದ್ದರೆ ಎದೆಯಲ್ಲಿ ಕಿತ್ತಳೆಯಷ್ಟು ಗಡ್ಡೆ ಇಟ್ಟುಕೊಂಡು ಊರಲ್ಲಿ ಇನ್ಯಾರೋ ನಿಶ್ಚಿಂತೆಯಿಂದ ಓಡಾಡುತ್ತಿದ್ದಾರೆ ಎಂದಾಯಿತಲ್ಲ!

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಎಕ್ಸ್‌ರೇಯನ್ನೂ ಸ್ಕ್ಯಾನನ್ನೂ ಅಕ್ಕಪಕ್ಕ ತೆರೆಯ ಮೇಲೆ ಹಾಕಿಕೊಂಡಳು. ಗಡ್ಡೆ ನೋಡಲಿಲ್ಲ. ಗಡ್ಡೆಯನ್ನು ಎಲ್ಲರೂ ನೋಡುತ್ತಾರೆ. ಅವಳು ನೋಡಿದ್ದು ಕೊರಳ ಪಕ್ಕದ ಮೂಳೆ. ಮೂವತ್ತು ವರ್ಷದ ಹಿಂದೆ ಮಾವ ಗೋಡೆ ಕಟ್ಟಲು ಹತ್ತಿ ನಿಲ್ಲುವ ಸಾರುವೆಯಿಂದ ಬಿದ್ದಾಗ ಮುರಿದ ಎಡಗಡೆಯ ಮೂಳೆ ಅದು. ಆಗ ಯಾರೋ ನೆಟ್ಟಗೆ ಕೂರಿಸದೆ ಹಾಗೇ ಬಿಗಿದು ಕಟ್ಟಿದ್ದರಂತೆ. ಎರಡು ತುಂಡು ಒಂದರ ಮೇಲೊಂದು ಹತ್ತಿಕೊಂಡು, ನಡುವೆ ಗಂಟು ಬಿದ್ದು ಕೂಡಿಕೊಂಡಿತ್ತು. ಎಕ್ಸ್‌ರೇಯಲ್ಲಿ ಆ ಗಂಟು ಇತ್ತು. ಸ್ಕ್ಯಾನಿನಲ್ಲೂ ಇತ್ತು. ಅಷ್ಟು ಸೊಟ್ಟಗೆ ಕೂಡಿದ ಮೂಳೆ ಊರಲ್ಲಿ ಇನ್ನೊಬ್ಬರಿಗೆ ಇರಲು ಸಾಧ್ಯವೇ ಇಲ್ಲ. ಇದ್ದಿದ್ದರೆ ಅವಳಿಗೆ ಗೊತ್ತಿರುತ್ತಿತ್ತು.

ಫಿಲಂ ಮಾವನದೇ. ಅವಳು ತಪ್ಪಿರಲಿಲ್ಲ. ಕುರ್ಚಿಗೆ ಒರಗಿದಳು. ಹಾಗಿದ್ದರೆ ಗಡ್ಡೆ ಯಾಕೆ ಎರಡು ಕಡೆ?

ಉತ್ತರ ಸಿಕ್ಕಿದ್ದು ಅತ್ತೆಯ ಬಾಯಿಂದ. ಅತ್ತೆಗೆ ಗೊಣಗಲು ವಿಷಯ ಬೇಕಿರಲಿಲ್ಲ, ಕೇಳುವವರು ಸಿಕ್ಕರೆ ಸಾಕಿತ್ತು. ಸಂಜೆ ಬಟ್ಟೆ ಮಡಚುತ್ತ ಶುರುಮಾಡಿದರು: "ನಿನ್ನ ಮಾವನ ಕಾಟಕ್ಕೆ ನನಗೆ ನಿದ್ದೆಯೇ ಇಲ್ಲ ಕಣೆ. ಎಡಕ್ಕೆ ತಿರುಗಿದ್ರೆ ಕೆಮ್ಮು, ಬಲಕ್ಕೆ ತಿರುಗಿದ್ರೆ ಕೆಮ್ಮು ನಿಲ್ಲುತ್ತೆ. ಮಗ್ಗುಲು ಬದಲಾಯಿಸಿದಾಗೆಲ್ಲ ಎದೆ ಒಳಗೆ ಏನೋ ಉರುಳಿದ ಹಾಗಾಗುತ್ತೆ ಅಂತಾರೆ. ವಯಸ್ಸಾದ ಮೇಲೆ ತಲೆ ತಿರುಗೋದು ಕೇಳಿದ್ದೀನಿ, ಎದೆ ಉರುಳೋದು ಎಲ್ಲಾದ್ರೂ ಉಂಟಾ?"

ಎಕ್ಸ್‌ರೇ ಅಕ್ಕನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಎದ್ದು ನೇರ ಜಗಲಿಗೆ ಹೋದಳು.

"ಮಾವ, ಒಳಗೆ ಉರುಳೋದು ನಿಜವಾ?"

"ನಿಜ ಅಲ್ಲದೆ? ಡಾಕ್ಟ್ರಿಗೂ ಹೇಳ್ದೆ. ಗ್ಯಾಸು ಅಂದ್ರು."

"ಎಕ್ಸ್‌ರೇ ತೆಗೆದಾಗ ನೀವು ನಿಂತಿದ್ರಿ. ಸ್ಕ್ಯಾನಲ್ಲಿ ಮಲಗಿದ್ರಿ."

ಮೇಸ್ತ್ರಿ ಅವಳನ್ನೇ ನೋಡಿದರು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುವ ಕಸುಬು ಅವರದು. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಅಂದ್ರೆ ಅದು ಅಂಟಿಲ್ಲ ಅಂತೀಯ. ನೇತಾಡ್ತಿದೆ ಅಂತೀಯ."

"ತೊಟ್ಟಿನಲ್ಲಿ ನೇತಾಡ್ತಿದೆ. ನಿಂತಾಗ ಕೆಳಕ್ಕೆ ಬರುತ್ತೆ, ಮಲಗಿದಾಗ ಬೆನ್ನಿಗೆ ಬೀಳುತ್ತೆ. ಹಾಗಿದ್ರೆ ಪಕ್ಕೆಲುಬಿಗೂ ಅದಕ್ಕೂ ಸಂಬಂಧವೇ ಇಲ್ಲ. ಸಣ್ಣ ತೂತು ಸಾಕು. ನಿಮ್ಮ ಕೈಗೆ ಏನೂ ಆಗಲ್ಲ."

"ದೊಡ್ಡ ಓದು ಓದಿದೋರು ಬೇರೆ ಹೇಳಿದ್ದಾರಲ್ಲಮ್ಮ" ಎಂದರು ಮೇಸ್ತ್ರಿ. ಅವರಿಗೆ ನಂಬಬೇಕೆಂದು ಆಸೆಯಿತ್ತು, ಧೈರ್ಯವಿರಲಿಲ್ಲ. ಅವಳೂ ಅದನ್ನು ಕಂಡಳು.

ಮರುದಿನ ಎರಡು ಆಪರೇಷನ್ನುಗಳ ನಡುವೆ ಬಿಸ್ಕತ್ತು ಟೀಯಲ್ಲಿ ಅದ್ದುತ್ತಿದ್ದ ಸರ್ಜನ್ ಮೇಡಂ ಮುಂದೆ ಎಕ್ಸ್‌ರೇ ಅಕ್ಕ ಹೋಗಿ ನಿಂತಳು. ಅಲ್ಲೇ ರಿಪೋರ್ಟ್ ಡಾಕ್ಟರೂ ಇದ್ದರು. ಎತ್ತರದ, ಒಣಕಲು ಮನುಷ್ಯ. ಕೆಲಸದಲ್ಲಿ ಕಟ್ಟುನಿಟ್ಟು, ನಗುವಿನಲ್ಲಿ ಇನ್ನೂ ಕಟ್ಟುನಿಟ್ಟು.

"ಏನು, ನೋಟಿಸಿಗೆ ಉತ್ತರ ತಂದ್ರಾ?" ಎಂದರು ಅವರು.

"ತಂದಿದ್ದೀನಿ ಸರ್. ಫಿಲಂ ಬದಲಾಗಿಲ್ಲ. ಗಡ್ಡೆ ಜಾಗ ಬದಲಾಯಿಸಿದೆ."

ಡಾಕ್ಟರ ಹುಬ್ಬು ಮೇಲೇರಿತು. "ನೋಡಮ್ಮ, ಚಿತ್ರ ತೆಗೆಯೋದು ನಿಮ್ಮ ಕೆಲಸ. ಓದೋದು ನಮ್ಮದು."

"ಹೌದು ಸರ್. ಆದ್ರೆ ತೆಗೆಯೋವಾಗ ಮನುಷ್ಯ ಹೇಗಿದ್ದ ಅಂತ ನೋಡೋದು ನಾನೇ ಅಲ್ವಾ?" ಅವಳು ಜೊತೆಗೆ ತಂದಿದ್ದ ಎರಡೂ ಚಿತ್ರಗಳನ್ನು ಮೇಜಿನ ಮೇಲೆ ಇಟ್ಟಳು. ಕೊರಳ ಮೂಳೆಯ ಗಂಟು ತೋರಿಸಿದಳು. ನಿಂತದ್ದು, ಮಲಗಿದ್ದು ಹೇಳಿದಳು. ಮಗ್ಗುಲು ಬದಲಿಸಿದರೆ ಕೆಮ್ಮು ಬರುವುದನ್ನೂ ಹೇಳಿದಳು. "ಒಂದು ಚೀಟಿ ಬರೆದುಕೊಡಿ ಮೇಡಂ. ಸ್ಕ್ರೀನಿಂಗ್ ಯಂತ್ರದಲ್ಲಿ ಮಲಗಿಸಿ ಆ ಕಡೆ ಈ ಕಡೆ ಹೊರಳಿಸಿ ತೋರಿಸ್ತೀನಿ. ಅಲುಗದಿದ್ರೆ ನೋಟಿಸಿಗೆ ತಪ್ಪಾಯ್ತು ಅಂತ ಬರೆದು ಸಹಿ ಹಾಕ್ತೀನಿ."

ಮೇಡಂ ಅದ್ದಿದ ಬಿಸ್ಕತ್ತು ಟೀಯೊಳಗೇ ಮುರಿದು ಬಿದ್ದಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಚೀಟಿ ಬರೆದರು. "ಮಧ್ಯಾಹ್ನ ಮೂರಕ್ಕೆ ಕರ್ಕೊಂಡು ಬಾ. ಸರ್, ನೀವೂ ಬನ್ನಿ."

ಮೂರು ಗಂಟೆಗೆ ಮೇಸ್ತ್ರಿ ಅಂಗಿ ಬಿಚ್ಚಿ ಯಂತ್ರದ ಮೇಜಿನ ಮೇಲೆ ಅಂಗಾತ ಮಲಗಿದರು. ಸೀಸದ ಭಾರದ ಏಪ್ರನ್ ಕಟ್ಟಿಕೊಂಡು ಮೂವರೂ ಗಾಜಿನ ಈಚೆ ನಿಂತರು. ಈ ಯಂತ್ರದಲ್ಲಿ ಒಳಗಿನದು ಅಲುಗುತ್ತಿರುವಂತೆಯೇ ಕಾಣುತ್ತದೆ. ತೆರೆಯ ಮೇಲೆ ಪಕ್ಕೆಲುಬುಗಳು ಏರಿಳಿಯುತ್ತಿದ್ದವು, ಗುಂಡು ನಡುಮಟ್ಟದಲ್ಲಿತ್ತು.

"ಮಾವ, ಎಡಕ್ಕೆ ಹೊರಳಿ. ನಿಧಾನ."

ಮೇಸ್ತ್ರಿ ಹೊರಳಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಎಕ್ಸ್‌ರೇ ಅಕ್ಕ ತೆರೆಗೆ ಇನ್ನೂ ಹತ್ತಿರ ಬಗ್ಗಿದಳು. ಆಮೇಲೆ ಆ ಬಿಳಿ ಗುಂಡು, ನಿದ್ದೆಯಿಂದ ಎದ್ದು ಯೋಚಿಸಿ ಹೊರಟ ಸೋಮಾರಿಯಂತೆ, ಮೆಲ್ಲಗೆ ಪಕ್ಕೆಲುಬು ಬಿಟ್ಟು ಎದೆಯ ನಡುವಿಗೆ ಜಾರಿತು. ಮೇಸ್ತ್ರಿ ಕೆಮ್ಮಿದರು.

"ಈಗ ಮುಖದ ಕಡೆಗೆ ಇನ್ನೂ ಸ್ವಲ್ಪ ಬಗ್ಗಿ ಮಾವ, ಬೋರಲು ಬೀಳೋ ಹಾಗೆ." ಗುಂಡು ಮುಂದಕ್ಕೆ ಬಂತು. "ಈಗ ಬಲಕ್ಕೆ." ಗುಂಡು ವಾಪಸು ಹೋಯಿತು. ಕೆಮ್ಮು ನಿಂತಿತು.

ಸರ್ಜನ್ ಮೇಡಂ ಗಟ್ಟಿಯಾಗಿ ನಕ್ಕುಬಿಟ್ಟರು. ರಿಪೋರ್ಟ್ ಡಾಕ್ಟರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಇನ್ನೊಂದು ಸಲ ಎಡಕ್ಕೆ" ಎಂದರು. ಇನ್ನೊಂದು ಸಲವೂ ಹಾಗೇ ಆಯಿತು.

"ಏನಂತೆ?" ಎಂದು ಒಳಗಿಂದ ಮೇಸ್ತ್ರಿ ಕೂಗಿದರು. "ನನ್ನನ್ನ ಚಪಾತಿ ಹಿಟ್ಟಿನ ಹಾಗೆ ಹೊರಳಿಸ್ತಾನೇ ಇದ್ದೀರಲ್ಲ, ಯಾರಾದ್ರೂ ಹೇಳ್ರಪ್ಪ!"

"ನಿಮ್ಮ ಸೊಸೆ ಹೇಳಿದ್ದೇ ಸರಿಯಂತೆ ಮೇಸ್ತ್ರೀ" ಎಂದರು ಮೇಡಂ.

ಆಪರೇಷನ್ನಿಗೆ ಒಪ್ಪಿಗೆ ಸಹಿ ಹಾಕುವ ಹೊತ್ತಿಗೆ ಮೇಸ್ತ್ರಿ ಪೆನ್ನು ಹಿಡಿದು ಒಂದು ಷರತ್ತು ಇಟ್ಟರು. ಸೊಸೆಯೂ ಒಳಗಿರಬೇಕು. "ಆ ಗುಂಡು ಎಲ್ಲೆಲ್ಲಿ ಅವಿತುಕೊಳ್ಳುತ್ತೆ ಅಂತ ಗೊತ್ತಿರೋದು ಅವಳೊಬ್ಬಳಿಗೇ" ಎಂದರು. ಮನೆಯವರನ್ನು ಒಳಗೆ ಬಿಡುವ ಪದ್ಧತಿ ಇಲ್ಲ ಎಂದು ನರ್ಸ್ ಹೇಳಿದರು. ಮೇಡಂ ಯೋಚಿಸಿ, "ಸೊಸೆಯನ್ನ ಬಿಡಲ್ಲ. ಟೆಕ್ನಿಷಿಯನ್ನನ್ನ ಬಿಡ್ತೀನಿ" ಎಂದರು. ಆಮೇಲೆ ಅವಳ ಕಡೆ ತಿರುಗಿ, "ಒಳಗೆ ಬಂದ ಮೇಲೆ ಮಾವ ಗೀವ ಯಾರೂ ಇಲ್ಲ. ಅತ್ತರೆ ಆಚೆ" ಎಂದರು.

ಅವಳು ಅಳಲಿಲ್ಲ. ಹಸಿರು ಬಟ್ಟೆ, ಮುಖವಸ್ತ್ರ, ಟೋಪಿ ಹಾಕಿಕೊಂಡು, ಯಾರಿಗೂ ಯಾವುದಕ್ಕೂ ತಾಗದಂತೆ ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಳು. ಮಾವನನ್ನು ಎಡ ಮಗ್ಗುಲಿಗೆ ಮಲಗಿಸಿ ಬಲಗೈಯನ್ನು ಮುಂದಕ್ಕೆ ಎತ್ತಿ ಕಟ್ಟಿದ್ದರು. ಮೈಯೆಲ್ಲ ಬಟ್ಟೆ ಮುಚ್ಚಿ, ಪಕ್ಕೆಯ ಒಂದು ಚೌಕ ಮಾತ್ರ ಕಾಣುತ್ತಿತ್ತು. ಎರಡು ಪಕ್ಕೆಲುಬಿನ ನಡುವೆ ಮೇಡಂ ಬೆರಳಗಲದ ತೂತು ಮಾಡಿ ಕ್ಯಾಮೆರಾ ಇಳಿಸಿದರು. ಬಲಗಡೆಯ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸಿದ್ದರಿಂದ ಅದು ಮುದುಡಿ ಕೂತಿತ್ತು. ದೊಡ್ಡ ತೆರೆಯ ಮೇಲೆ ಎಲ್ಲರಿಗೂ ಒಳಗೆ ಕಾಣುತ್ತಿತ್ತು: ನಯವಾಗಿ ಹೊಳೆಯುವ ಪೊರೆ, ಬಿಳಿ ಕಮಾನಿನಂಥ ಪಕ್ಕೆಲುಬುಗಳು, ಮುದುಡಿದ ಬೂದುಗೆಂಪು ಶ್ವಾಸಕೋಶ.

ಗಡ್ಡೆ ಇರಲಿಲ್ಲ.

ಮೇಡಂ ಇನ್ನೆರಡು ತೂತು ಮಾಡಿ ಸಲಾಕೆಯಂಥ ಸಾಧನಗಳನ್ನು ಇಳಿಸಿದರು. ಶ್ವಾಸಕೋಶವನ್ನು ಮೆಲ್ಲಗೆ ಎತ್ತಿ ನೋಡಿದರು, ಸರಿಸಿ ನೋಡಿದರು. ಪಕ್ಕೆಲುಬಿನ ಕಡೆ ಗೋಡೆ ನುಣ್ಣಗಿತ್ತು. ಅಂಟಿರಲಿಲ್ಲ ಎನ್ನುವುದೇನೋ ಖಾತ್ರಿಯಾಯಿತು. ಆದರೆ ಕಿತ್ತಳೆಯಷ್ಟು ಗಡ್ಡೆ ಅಂಗೈಯಗಲದ ಜಾಗದಲ್ಲಿ ಕಣ್ಣಿಗೆ ಬೀಳದೆ ಕಳೆದುಹೋಗಿತ್ತು.

"ಮೇಡಂ, ಒಂದೇ ಶ್ವಾಸಕೋಶದಲ್ಲಿ ಜಾಸ್ತಿ ಹೊತ್ತು ತಡೆಯೋ ಹಾಗೆ ಕಾಣ್ತಿಲ್ಲ" ಎಂದರು ಅರಿವಳಿಕೆ ಡಾಕ್ಟರು. ರಕ್ತದಲ್ಲಿನ ಆಮ್ಲಜನಕದ ಅಂಕಿ ಒಂದೊಂದೇ ಇಳಿಯುತ್ತಿತ್ತು.

"ಇನ್ನೈದು ನಿಮಿಷ. ಸಿಗದಿದ್ರೆ ಕೊಯ್ಯೋದೇ" ಎಂದರು ಮೇಡಂ. ನರ್ಸ್ ಸದ್ದಿಲ್ಲದೆ ಪಕ್ಕೆಲುಬು ಅಗಲಿಸುವ ದೊಡ್ಡ ಕಬ್ಬಿಣದ ಸಾಧನ ತೆಗೆದು ಬಟ್ಟೆಯ ಮೇಲೆ ಇಟ್ಟರು. ಅದು ಪಕ್ಕದ ತಟ್ಟೆಗೆ ತಗುಲಿ ಟಣ್ ಎಂದಿತು. ಗೋಡೆಗೆ ಒರಗಿ ನಿಂತವಳ ಕಣ್ಣು ತೆರೆಯ ಮೇಲಿರಲಿಲ್ಲ. ಅವಳು ಮಾವ ಮಲಗಿದ ರೀತಿಯನ್ನು ನೋಡುತ್ತಿದ್ದಳು. ಎಡಕ್ಕೆ ಹೊರಳಿದಾಗ ಗುಂಡು ಎದೆಯ ನಡುವಿಗೆ ಜಾರಿತ್ತು. ಈಗಲೂ ಎಡಕ್ಕೇ ಮಲಗಿದ್ದಾರೆ. ಅಂದರೆ ಹೃದಯದ ಪಕ್ಕದ ಹಳ್ಳದಲ್ಲಿ, ಮುದುಡಿದ ಶ್ವಾಸಕೋಶದ ಅಡಿಯಲ್ಲಿ ಬಿದ್ದಿದೆ. ಅಲ್ಲಿಂದ ಅದು ಎದ್ದು ಬಂದದ್ದು ಯಾವಾಗ?

"ಮೇಡಂ" ಎಂದಳು. ಆಪರೇಷನ್ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತವರು ಮಾತಾಡುವ ಪದ್ಧತಿ ಇಲ್ಲ. ಎಲ್ಲರೂ ತಿರುಗಿದರು. "ಮೇಜನ್ನ ಮುಖದ ಕಡೆಗೆ ಓರೆ ಮಾಡಿ. ಅವರು ಬೋರಲಾಗೋ ಹಾಗೆ. ಆಗಲೇ ಅದು ಮುಂದಕ್ಕೆ ಬರೋದು."

ಮೇಡಂ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದರು. "ಓರೆ ಮಾಡಿ" ಎಂದರು.

ಮೇಜು ಗುಂಯ್ ಎನ್ನುತ್ತ ಬಾಗಿತು. ಶ್ವಾಸಕೋಶ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಅದರ ಅಡಿಯಿಂದ ದುಂಡಗೆ, ನಸುಬಿಳಿಯಾಗಿ, ಮೈಮೇಲೆ ಸಣ್ಣ ಸಣ್ಣ ರಕ್ತನಾಳ ಹರಡಿಕೊಂಡ ಗಡ್ಡೆ ಹೊರಳಿ ಬಂದು ಕ್ಯಾಮೆರಾದ ಮುಂದೆಯೇ ನಿಂತಿತು. ಶ್ವಾಸಕೋಶದ ಅಂಚಿಗೆ ಅದನ್ನು ಹಿಡಿದಿದ್ದದ್ದು ಕಿರುಬೆರಳಷ್ಟು ದಪ್ಪದ ಒಂದು ತೊಟ್ಟು, ಅಷ್ಟೇ.

"ಸಿಕ್ಕಿದೆಯಾ ಕಳ್ಳ!" ಎಂದರು ಮೇಡಂ. ಕೋಣೆಯಲ್ಲಿದ್ದ ಎಲ್ಲರೂ ಒಟ್ಟಿಗೆ ನಿಟ್ಟುಸಿರು ಬಿಟ್ಟರು.

ಮುಂದಿನದು ಹದಿನೈದು ನಿಮಿಷದ ಕೆಲಸ. ತೊಟ್ಟಿನ ಸುತ್ತ ಶ್ವಾಸಕೋಶದ ಒಳ್ಳೆಯ ಅಂಚನ್ನೂ ಸ್ವಲ್ಪ ಸೇರಿಸಿ ಹಿಡಿದು, ಹೊಲಿದು ಕತ್ತರಿಸುವುದನ್ನು ಒಟ್ಟಿಗೇ ಮಾಡುವ ಸಾಧನದಿಂದ ಮೇಡಂ ತುಂಡು ಮಾಡಿದರು. ಚೂರೂ ಒಳಗೆ ಉದುರದಂತೆ ಗಡ್ಡೆಯನ್ನು ಒಂದು ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಒಂದು ತೂತನ್ನು ಮೂರು ಬೆರಳಷ್ಟು ಹಿಗ್ಗಿಸಿ ಇಡಿಯಾಗಿ ಎಳೆದು ತೆಗೆದರು. ದೊಡ್ಡ ಕಬ್ಬಿಣದ ಸಾಧನವನ್ನು ನರ್ಸ್ ಬಳಸದೆಯೇ ವಾಪಸು ಇಟ್ಟರು. ಶ್ವಾಸಕೋಶಕ್ಕೆ ಮತ್ತೆ ಗಾಳಿ ಬಿಟ್ಟಾಗ ಅದು ಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬುತ್ತ ಬಂದು ಗಡ್ಡೆ ಇದ್ದ ಜಾಗವನ್ನೆಲ್ಲ ತುಂಬಿಕೊಂಡಿತು. ಎಕ್ಸ್‌ರೇ ಅಕ್ಕ ಇಪ್ಪತ್ತೊಂದು ವರ್ಷ ಕಪ್ಪುಬಿಳುಪಿನಲ್ಲಿ ನೋಡಿದ್ದನ್ನು ಮೊದಲ ಸಲ ಬಣ್ಣದಲ್ಲಿ ನೋಡಿದಳು. ತನ್ನ ಕೆಲಸದ ಬಗ್ಗೆ ಅವಳಿಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

"ಈಗ ಬೇಕಾದ್ರೆ ಅಳು" ಎಂದರು ಮೇಡಂ, ತಲೆ ಎತ್ತದೆ. "ಆದ್ರೆ ಆಚೆ ಹೋಗಿ."

ರಿಪೋರ್ಟ್ ಡಾಕ್ಟರು ಮರುದಿನ ಎರಡು ಮಹಡಿ ಇಳಿದು ನೆಲಮಾಳಿಗೆಗೆ ಬಂದರು. ಅವರು ಅಲ್ಲಿಗೆ ಬಂದದ್ದನ್ನು ಯಾರೂ ನೋಡಿದ್ದಿಲ್ಲ. ಕೂರಲು ಕುರ್ಚಿ ಎಲ್ಲಿದೆ ಎಂದೂ ಅವರಿಗೆ ತಿಳಿಯಲಿಲ್ಲ. ನಿಂತೇ ಹೇಳಿದರು: "ನೋಟಿಸು ವಾಪಸ್ ತಗೊಂಡಿದ್ದೀನಿ. ತಪ್ಪು ನನ್ನದು ಅಂತ ಬರೆದೂ ಕೊಟ್ಟಿದ್ದೀನಿ. ಇನ್ಮೇಲೆ ನನ್ನ ರಿಪೋರ್ಟಲ್ಲಿ ಏನಾದ್ರೂ ಅನುಮಾನ ಬಂದ್ರೆ ನೇರ ಬಂದು ಹೇಳಿ."

"ಬೈಯಲ್ಲ ತಾನೇ ಸರ್?"

"ಬೈತೀನಿ. ಆದ್ರೂ ಬನ್ನಿ."

ಗಡ್ಡೆ ಪರೀಕ್ಷೆಯಿಂದಲೂ ಒಳ್ಳೆಯ ಸುದ್ದಿ ಬಂತು. ಕೆಟ್ಟದ್ದಲ್ಲ, ಇಡಿಯಾಗಿ ಬಂದಿದೆ, ಅಂಚು ಶುದ್ಧವಾಗಿದೆ. ಐದನೇ ದಿನ ಮೇಸ್ತ್ರಿ ಮನೆಗೆ ನಡೆದೇ ಹೊರಟರು. ಅಷ್ಟರಲ್ಲಿ ವಾರ್ಡಿನ ಗೋಡೆಯ ಗಾರೆ ಎಲ್ಲೆಲ್ಲಿ ಉಬ್ಬಿದೆ ಎಂದು ಎಲ್ಲ ರೋಗಿಗಳಿಗೂ ತೋರಿಸಿಕೊಟ್ಟಾಗಿತ್ತು. ಅತ್ತೆಯ ಹಿಗ್ಗಂತೂ ಹೇಳತೀರದು. ಸಿಕ್ಕಸಿಕ್ಕವರಿಗೆಲ್ಲ ಕತೆ ಹೇಳುತ್ತಿದ್ದರು, ಒಬ್ಬೊಬ್ಬರಿಗೆ ಹೇಳುವಾಗಲೂ ಅದು ಒಂದೊಂದು ಗೇಣು ಬೆಳೆಯುತ್ತಿತ್ತು. ಮೂರನೇ ವಾರಕ್ಕೆ ಕತೆ ಎಲ್ಲಿಗೆ ಮುಟ್ಟಿತ್ತೆಂದರೆ, "ಆಪರೇಷನ್ ಮಾಡಿದ್ದೇ ನನ್ನ ಸೊಸೆ. ಡಾಕ್ಟ್ರಮ್ಮ ಪಕ್ಕದಲ್ಲಿ ನಿಂತು ಬೇಕುಬೇಕಾದ್ದು ಎತ್ತಿಕೊಡ್ತಿದ್ರು." ಸೊಸೆ ತಿದ್ದಲು ಹೋದರೆ, "ನೀನು ಸುಮ್ನಿರು, ನಿನಗೇನು ಗೊತ್ತು" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆರು ವಾರದ ಮೇಲೆ ಮತ್ತೊಂದು ಎಕ್ಸ್‌ರೇ ತೆಗೆಸಬೇಕೆಂದು ಮೇಡಂ ಬರೆದಿದ್ದರು. ಅಂದು ನೆಲಮಾಳಿಗೆಯ ಸಾಲು ಉದ್ದವಿತ್ತು. ಹೊಸದಾಗಿ ಸೇರಿದ್ದ ಟೆಕ್ನಿಷಿಯನ್ ಬೇರೆ ಯಂತ್ರ ಖಾಲಿ ಇದೆ ಬನ್ನಿ ಎಂದು ಕರೆದರೂ ಮೇಸ್ತ್ರಿ ಕದಲಲಿಲ್ಲ. "ನನ್ನ ಎದೆ ನನ್ನ ಸೊಸೆಗೇ ಪರಿಚಯ" ಎಂದು ಒಂದು ಗಂಟೆ ಬೆಂಚಿನ ಮೇಲೆ ಕೂತೇ ಇದ್ದರು.

ನೇರದ ಚಿತ್ರ ಮುಗಿಯಿತು. ಪಕ್ಕದ ಚಿತ್ರಕ್ಕೆ ಎರಡೂ ಕೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ನಿಲ್ಲಬೇಕು. ಎಕ್ಸ್‌ರೇ ಅಕ್ಕ ಅದನ್ನು ಹೇಳಲು ಬಾಯಿ ತೆರೆದು, ಸುಮ್ಮನಾದಳು. ಹೇಳುವ ಮೊದಲೇ ಮಾವ ಎತ್ತಿಯಾಗಿತ್ತು. ಎಡಗೈ ಎಷ್ಟು ಎತ್ತರವೋ ಬಲಗೈ ಅಷ್ಟೇ ಎತ್ತರ, ಒಂದು ನೂಲಿನಷ್ಟೂ ವ್ಯತ್ಯಾಸವಿಲ್ಲ. ಪಕ್ಕೆಯಲ್ಲಿ ಮೂರು ಸಣ್ಣ ಗೆರೆ ಬಿಟ್ಟರೆ ಬೇರೇನೂ ಇಲ್ಲ.

ಅವಳು ಗಾಜಿನ ಹಿಂದೆ ಬಂದಳು. "ಉಸಿರು ಎಳ್ಕೊಳ್ಳಿ ಮಾವ. ಪೂರ್ತಿ. ಹಾಂ, ಹಿಡ್ಕೊಳ್ಳಿ." ಗುಂಡಿ ಒತ್ತಿದಳು.

ಚಿತ್ರ ಮೂಡಿತು. ಮುಂದಿನಿಂದ ಬೆನ್ನಿನವರೆಗೆ, ಮೇಲಿನಿಂದ ಬುಡದವರೆಗೆ ಬರೀ ಗಾಳಿ. ಕಪ್ಪಗೆ, ಖಾಲಿಯಾಗಿ, ಚೊಕ್ಕಟವಾಗಿ. ಇಪ್ಪತ್ತೊಂದು ವರ್ಷದಲ್ಲಿ ಅಷ್ಟು ಚಂದದ ಫಿಲಂ ಅವಳು ತೆಗೆದಿರಲಿಲ್ಲ. ನೋಡಿದಳು, ಹತ್ತಿರ ಹೋಗಿ ನೋಡಿದಳು, ಕಣ್ಣು ಮಂಜಾಯಿತು, ಒರೆಸಿಕೊಂಡು ಮತ್ತೆ ನೋಡಿದಳು. ಎಷ್ಟು ಹೊತ್ತು ನೋಡಿದಳೋ ಏನೋ. ತಲೆ ಎತ್ತಿದರೆ ಗಾಜಿನಾಚೆ ಮಾವ ಎರಡೂ ಕೈ ಮೇಲೆತ್ತಿ, ಕೆನ್ನೆ ಉಬ್ಬಿಸಿಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಕಣ್ಣಗಲಿಸಿ ಅವಳನ್ನೇ ನೋಡುತ್ತ ನಿಂತಿದ್ದರು. ಸೊಸೆ ಹೇಳಿಲ್ಲ ಎಂದು ಇನ್ನೂ ಉಸಿರು ಬಿಟ್ಟಿರಲಿಲ್ಲ.

"ಅಯ್ಯೋ ಬಿಡಿ ಮಾವ!" ಎಂದು ಅವಳು ಅಳುತ್ತ ನಗುತ್ತ ಓಡಿದಳು. "ಉಸಿರು ಬಿಡಿ!"